ದಂಡಕ್ಕೂ ಡಿಸ್ಕೌಂಟು

2023ರ ಫೆಬ್ರವರಿ ಮೊದಲ ವಾರದಲ್ಲಿ ಬೆಂಗಳೂರು ಒಂದು ಭರ್ಜರಿ ಸೇಲ್ ಕಂಡಿತು. ಸೀರೆಯದಲ್ಲ, ಟಿ.ವಿ., ಫ್ರಿಜ್ಜಿನದೂ ಅಲ್ಲ, ದಂಡದ್ದು. ಸಿಗ್ನಲ್ ಹಾರಿದ್ದು, ಹೆಲ್ಮೆಟ್ ಹಾಕದ್ದು, ಒನ್‌ವೇಯಲ್ಲಿ ಎದುರಿನಿಂದ ನುಗ್ಗಿದ್ದು, ಹೀಗೆ ಬಾಕಿ ಬಿದ್ದ ಯಾವ ಕೇಸಾದರೂ ಸರಿ, ಫೆಬ್ರವರಿ 11ರ ಲೋಕ ಅದಾಲತ್‌ನೊಳಗೆ ಕಟ್ಟಿದರೆ ಶೇ. 50 ರಿಯಾಯಿತಿ ಎಂದು ಸರ್ಕಾರ ಹೇಳಿದ್ದೇ ತಡ, ಇನ್‌ಫೆಂಟ್ರಿ ರಸ್ತೆಯ ಸಂಚಾರ ನಿರ್ವಹಣಾ ಕೇಂದ್ರದ ಮುಂದೆ ಜಾತ್ರೆ ನೆರೆಯಿತು. ಪೊಲೀಸರ ಬಿಳಿ ಅಂಗಿ ದೂರದಲ್ಲಿ ಕಂಡರೆ ಸಾಕು, ಅಡ್ಡರಸ್ತೆ ಹೊಕ್ಕು ಮಾಯವಾಗುತ್ತಿದ್ದ ವೀರರೆಲ್ಲ ತಾವಾಗಿಯೇ ಬಂದು ಸಾಲಿನಲ್ಲಿ ನಿಂತರು. ಗಾಡಿ ನಂಬರ್ ಹೇಳಿ, "ಇನ್ನೂ ಯಾವುದಾದ್ರೂ ಇದ್ರೆ ಅದನ್ನೂ ಸೇರಿಸ್ಬಿಡಿ ಸಾರ್" ಎಂದರು. ಒಂಬತ್ತು ದಿನಗಳಲ್ಲಿ 41 ಲಕ್ಷಕ್ಕೂ ಮೀರಿ ಪ್ರಕರಣಗಳು ಇತ್ಯರ್ಥವಾದವು, 120 ಕೋಟಿ ರೂಪಾಯಿಗೂ ಮೀರಿ ಹಣ ಬಂತು.

ಆ ಒಂಬತ್ತು ದಿನ ದರ್ಶಿನಿಗಳಲ್ಲಿ ನಿಂತು ಕಾಫಿ ಕುಡಿಯುವವರ ಮಾತಿನ ಧಾಟಿ ಕೇಳಬೇಕಿತ್ತು. "ಒಂಬತ್ತು ಸಾವಿರ ಇತ್ತು ಗುರು, ನಾಲ್ಕೂವರೆಗೆ ಮುಗಿಸ್ಕೊಂಡ್ ಬಂದೆ!" ಕೇಳಿದವನ ಕಣ್ಣಲ್ಲಿ ಮೆಚ್ಚುಗೆ. ಒಂಬತ್ತು ಸಾವಿರ ಬೆಳೆದದ್ದಾದರೂ ಹೇಗೆ, ಐನೂರರ ಲೆಕ್ಕದಲ್ಲಿ ಹದಿನೆಂಟು ಸಲ ಹೆಲ್ಮೆಟ್ಟಿಲ್ಲದೆ ತಿರುಗಿದ ತಲೆ ಇನ್ನೂ ಸ್ವಸ್ಥಾನದಲ್ಲಿ ಇದೆಯೇ ಎಂದು ಯಾರೂ ವಿಚಾರಿಸಲಿಲ್ಲ. ನಾಲ್ಕೂವರೆ ಸಾವಿರ ಕಳೆದುಕೊಂಡವನು ನಾಲ್ಕೂವರೆ ಸಾವಿರ ಸಂಪಾದಿಸಿದವನ ಗತ್ತಿನಲ್ಲಿ ಸುತ್ತ ನಿಂತವರ ಕಾಫಿಗೂ ತಾನೇ ಟೋಕನ್ ತಂದ. ನಿಜವಾಗಿ ಹೊಟ್ಟೆ ಉರಿದದ್ದು ಇನ್ನೊಬ್ಬನಿಗೆ, ಜನವರಿಯಲ್ಲೇ ನಿಯತ್ತಾಗಿ ಪೂರ್ತಿ ದಂಡ ಕಟ್ಟಿ ರಸೀದಿ ಜೋಪಾನ ಮಾಡಿದ್ದ ಗೃಹಸ್ಥನಿಗೆ. ಕಾನೂನಿಗೆ ತಲೆಬಾಗಿದ್ದಕ್ಕೆ ಅವನಿಗೆ ಸಿಕ್ಕ ಬಿರುದು, "ಅವಸರಗೇಡಿ." ಮಾರ್ಚ್‌ನಲ್ಲಿ ಮತ್ತೊಂದು ಸುತ್ತು ರಿಯಾಯಿತಿ ಬಂತು. 2025ರ ಆಗಸ್ಟ್ ಕೊನೆಗೆ ಇನ್ನೂ ಒಂದು ಸುತ್ತು. ಈಗ ಮೊಬೈಲಿಗೆ ಚಲನ್ ಬಂದರೆ ಬೆಂಗಳೂರಿಗ ಕೇಳುವುದು ಒಂದೇ ಪ್ರಶ್ನೆ: ಮುಂದಿನ ಆಫರ್ ಯಾವಾಗ?

ಇದರ ಪೂರ್ವಾರ್ಧವನ್ನು ಇಸ್ರೇಲಿನ ಹೈಫಾದಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಮೊದಲೇ ನೋಡಿದ್ದರು. ಅಲ್ಲಿನ ಶಿಶುವಿಹಾರಗಳಲ್ಲಿ ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಅಪ್ಪ ಅಮ್ಮಂದಿರದೇ ತಲೆನೋವು. ಹತ್ತು ವಿಹಾರಗಳನ್ನು ಆರಿಸಿ, ಆರರಲ್ಲಿ ದಂಡ ಹಾಕಿ ನೋಡಿದರು. ಹತ್ತು ನಿಮಿಷಕ್ಕಿಂತ ತಡವಾದರೆ 10 ಶೆಕೆಲ್. ತಡ ಮಾಡುವವರು ಕಡಿಮೆಯಾಗುವುದಿರಲಿ, ಹೆಚ್ಚುಕಮ್ಮಿ ಎರಡರಷ್ಟಾದರು. ಮೊದಲು "ಪಾಪ, ಟೀಚರ್ ಕಾಯ್ತಾ ಇರ್ತಾರೆ" ಎಂಬ ಅಳುಕಿತ್ತು. ಅಳುಕಿಗೆ ದರ ಗೊತ್ತಾದ ಮೇಲೆ ದುಡ್ಡು ಬಿಸಾಕಿದರಾಯಿತು. ಹನ್ನೆರಡು ವಾರದ ನಂತರ ದಂಡವನ್ನು ತೆಗೆದರು, ತಡ ಮಾತ್ರ ಇಳಿಯಲಿಲ್ಲ. ಉರಿ ಗ್ನೀಝಿ ಮತ್ತು ಅಲ್ಡೊ ರುಸ್ಟಿಕಿನಿ 2000ದಲ್ಲಿ ಈ ಕುರಿತು ಬರೆದ ಪ್ರಬಂಧದ ಹೆಸರೇ ದಂಡವೂ ಒಂದು ಬೆಲೆ ಎಂದು. ಪಾಪ, ಅವರ ಬುದ್ಧಿ ಅಲ್ಲಿಗೇ ನಿಂತಿತು. ಬೆಲೆ ಎಂದಮೇಲೆ ಅದಕ್ಕೊಂದು ಸೀಸನ್ ಸೇಲ್ ಕೂಡ ಇರಬೇಕಲ್ಲವೇ ಎಂದು ಮುಂದಿನ ಹೆಜ್ಜೆ ಇಟ್ಟವರು ನಾವು.

ಅರ್ಥಶಾಸ್ತ್ರದ ಪಠ್ಯಪುಸ್ತಕದಲ್ಲಿ ಬಹಳ ಕಾಲದಿಂದ ಒಬ್ಬ ಮನುಷ್ಯ ಬಾಡಿಗೆಗಿದ್ದಾನೆ. ಎಲ್ಲ ಬೆಲೆಗಳೂ ಅವನಿಗೆ ಗೊತ್ತು, ಯಾವ ಜಾಹೀರಾತೂ ಅವನನ್ನು ಅಲುಗಿಸದು, ಹತ್ತು ವರ್ಷದ ಆಚೆಗಿನ ಬಡ್ಡಿಯನ್ನು ನಿಂತಲ್ಲೇ ಹೇಳಬಲ್ಲ. ಹೇಳದೇ ಏನು, ಅವನಿಗೆ ಹೆಂಡತಿಯಿಲ್ಲ, ಷಡ್ಡಕನಿಲ್ಲ, ಎದುರುಮನೆಯಿಲ್ಲ, ಗೃಹಪ್ರವೇಶಕ್ಕೆ ಕರೆಯುವ ನೆಂಟರಿಲ್ಲ. ಇಂಥವನು ಎಲ್ಲೂ ಹುಟ್ಟಿಲ್ಲ ಎಂದು ಡೇನಿಯಲ್ ಕಾನಮನ್ ಮತ್ತು ಅಮೋಸ್ ಟ್ವರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲಿ ಬರೆದರು. ಸಾವಿರ ರೂಪಾಯಿ ಸಿಕ್ಕ ಖುಷಿಗಿಂತ ಸಾವಿರ ಕಳೆದ ಸಂಕಟ ದೊಡ್ಡದು, ಮನುಷ್ಯ ಇರುವ ಒಟ್ಟು ಆಸ್ತಿಯನ್ನು ತೂಗುವುದಿಲ್ಲ, ಈಗಿರುವಲ್ಲಿಂದ ಏರಿದೆನೋ ಇಳಿದೆನೋ ಎಂದಷ್ಟೇ ನೋಡುತ್ತಾನೆ ಎಂಬುದು ಅವರ ಮಾತಿನ ತಿರುಳು. 2002ರಲ್ಲಿ ಕಾನಮನ್‌ಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಟ್ವರ್ಸ್ಕಿ ಅಷ್ಟರೊಳಗೆ ತೀರಿಕೊಂಡಿದ್ದರು. ಚಿಕ್ಕಪೇಟೆಯ ಸೀರೆ ಅಂಗಡಿಯ ಗಾದಿಯ ಮೇಲೆ ಕೂತವರಿಗೆ ಇದೆಲ್ಲ ಅಜ್ಜನ ಕಾಲದಿಂದ ಗೊತ್ತು. ಅವರು ಪ್ರಬಂಧ ಬರೆಯಲಿಲ್ಲ, ಬಿಲ್ ಬರೆದರು.

ನನ್ನ ತಕರಾರು ಇಷ್ಟೇ. ಈ ಪಂಡಿತರು ನಮ್ಮನ್ನು ಲೆಕ್ಕ ಬಾರದವರು ಎಂದು ತುಸು ಕನಿಕರದಿಂದ ನೋಡುತ್ತಾರೆ. ಲೆಕ್ಕ ನಮಗೆ ಚೆನ್ನಾಗಿಯೇ ಬರುತ್ತದೆ, ಎಣಿಸುತ್ತಿರುವುದು ಮಾತ್ರ ಬೇರೆಯದು. ದುಡ್ಡು ಎಷ್ಟು ಹೋಯಿತು ಎನ್ನುವುದು ನಮಗೆ ಎರಡನೆಯ ವಿಷಯ. ಮೊದಲನೆಯದು, ಗೆದ್ದವರು ಯಾರು? ನಾನೋ, ಅಂಗಡಿಯವನೋ? ಈ ಕುಸ್ತಿಗೆ ನಾವು ಎದುರಾಳಿಯನ್ನು ಆರಿಸಿಕೊಳ್ಳುವ ಬಗೆ ಇನ್ನೂ ಸೊಗಸು. ನಮಗಿಂತ ಬಡವನಾಗಿರಬೇಕು, ಇಲ್ಲವೇ ಸೋತಂತೆ ನಟಿಸಲು ಸಂಬಳಕ್ಕೆ ಇಟ್ಟವನಾಗಿರಬೇಕು.

ಎರಡೂ ಬಗೆಯ ಕುಸ್ತಿಯನ್ನು ಒಂದೇ ದಿನ ಹತ್ತಿರದಿಂದ ನೋಡುವ ಭಾಗ್ಯ ನನಗೆ ಸಿಕ್ಕಿದ್ದು ಅಕ್ಕನ ಮಗಳ ಮದುವೆಗೆ ಒಡವೆ ತರಲು ಹೊರಟ ಬೆಳಗ್ಗೆ. ನಮ್ಮ ಭಾವ ಇನ್ನೂ ಗೇಟು ದಾಟಿರಲಿಲ್ಲ, ಸೊಪ್ಪಿನ ಗಾಡಿ ಬಂತು.

"ಕೊತ್ತಂಬ್ರಿ ಎಷ್ಟಮ್ಮ?"

"ಕಟ್ಟು ಇಪ್ಪತ್ತು ಸ್ವಾಮಿ."

"ಇಪ್ಪತ್ತಾ? ಹತ್ತು ರೂಪಾಯಿ ಮಾಡ್ಕೋ."

"ಮಾರ್ಕೆಟ್ನಾಗೇ ಹದಿನೈದು ಬಿದ್ದೈತೆ, ಗಾಡಿ ಬಾಡ್ಗೆ ಬ್ಯಾರೆ…"

"ನಿಮ್ದೆಲ್ಲಾ ಇದೇ ಮಾತು. ಹನ್ನೆರಡಕ್ಕೆ ಕೊಡೋದಾದ್ರೆ ಕೊಡು."

ಹೀಗೆ ಹತ್ತು ನಿಮಿಷ ನಡೆದು ಹದಿನಾರಕ್ಕೆ ಇತ್ಯರ್ಥವಾಯಿತು. ಸಾಲದ್ದಕ್ಕೆ ಕೊಸರು ಎಂದು ಎರಡೆಸಳು ಕರಿಬೇವು ಗಾಡಿಯಿಂದ ಅವರೇ ಎತ್ತಿಕೊಂಡರು. ಆಕೆ ಬೈದುಕೊಂಡು ಗಾಡಿ ತಳ್ಳಿದಳು. ಭಾವ ಅದನ್ನು ಒಳಗೆ ಕೊಟ್ಟು ಬರುವಾಗ ಅವರ ಮುಖದಲ್ಲಿ ಪಾಣಿಪತ್ ಗೆದ್ದ ಕಳೆ.

ಒಂದು ಗಂಟೆಯ ಮೇಲೆ ನಾವು ಒಡವೆ ಅಂಗಡಿಯಲ್ಲಿದ್ದೆವು. ಬಾಗಿಲು ತೆಗೆಯುವುದಕ್ಕೇ ಒಬ್ಬ ಮೀಸೆಯವನು, ಒಳಗೆ ತಂಪು, ಕೂತ ಕೂಡಲೇ ಬಾದಾಮಿ ಹಾಲು. ಮಾರಾಟದ ಹುಡುಗ ಅಕ್ಕನನ್ನು ಅಮ್ಮ ಎಂದ, ಭಾವನನ್ನು ಅಪ್ಪಾಜಿ ಎಂದ. ನಾವು ಕೇಳಿದ್ದು ಸರ. ಅವನು ಮೊದಲು ಕೆಂಪು ಮಖಮಲ್ಲಿನ ಮೇಲೆ ಹರಡಿದ್ದು ಎಪ್ಪತ್ತು ಗ್ರಾಂನ ಹಾರ. "ಸುಮ್ನೆ ನೋಡಿ ಅಮ್ಮ, ತಗೊಳ್ಳಿ ಅಂತಲ್ಲ." ನೋಡಿದೆವು. ಬೆಲೆ ಕೇಳಿ ಬೆಚ್ಚಿದೆವು. ಅದು ಹಾಗೇ ಮುಂದೆ ಮಲಗಿರುವಾಗ ಪಕ್ಕದಲ್ಲಿ ಇಪ್ಪತ್ತು ಗ್ರಾಂನ ಸರ ಇಟ್ಟ. ಮನೆಯಿಂದ ಹೊರಡುವಾಗ ಹದಿನೈದು ಗ್ರಾಂ ದಾಟಬಾರದು ಎಂದು ಮಾತಾಡಿಕೊಂಡಿದ್ದ ದಂಪತಿಗೆ ಈಗ ಇಪ್ಪತ್ತು ಗ್ರಾಂ ಎಂಬುದು ಸಂನ್ಯಾಸಿಗಳ ಲಕ್ಷಣವಾಗಿ ಕಂಡಿತು.

ಬೋರ್ಡಿನ ದರ ಆವತ್ತು ಗ್ರಾಂಗೆ 9,000. ಚಿನ್ನಕ್ಕೆ 1,80,000 ಆಯಿತು. ಹುಡುಗ ಕ್ಯಾಲ್ಕುಲೇಟರ್ ಕುಟ್ಟಿ, ಅದನ್ನು ಭಾವನ ಕಡೆ ತಿರುಗಿಸಿ, ತಗ್ಗಿದ ದನಿಯಲ್ಲಿ "ವೇಸ್ಟೇಜ್ ಹದಿನಾಲ್ಕು ಪರ್ಸೆಂಟ್ ಅಪ್ಪಾಜಿ" ಎಂದ. 25,200. ಸೊಪ್ಪಿನವಳ ಗಾಡಿ ಬಾಡಿಗೆಯನ್ನು ನಂಬದಿದ್ದ ಭಾವ ಇದನ್ನು ನಂಬಿದರು. ಇಪ್ಪತ್ತು ಗ್ರಾಂನ ಸರ ಮಾಡುವಾಗ ಹೆಚ್ಚುಕಮ್ಮಿ ಮೂರು ಗ್ರಾಂ ಚಿನ್ನ ಯಾವ ಮೋರಿಗೆ ಹರಿದುಹೋಗುತ್ತದೆ ಎಂದು ಕೇಳಲಿಲ್ಲ. ಅಕ್ಕಸಾಲಿಗರ ಕೆಲಸದ ಮನೆಯ ಕಸವನ್ನೂ ದುಡ್ಡು ಕೊಟ್ಟು ಕೊಳ್ಳುವವರಿದ್ದಾರೆ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬಾದಾಮಿ ಹಾಲು ಕುಡಿದ ಬಾಯಿ.

"ಸ್ವಲ್ಪ ನೋಡಪ್ಪಾ" ಎಂದರು, ಅಷ್ಟೇ. ಹುಡುಗ ಒಳಗೆ ಹೋಗಿ, ಮ್ಯಾನೇಜರ್ ಜೊತೆ ಗಾಜಿನಾಚೆ ಹೋರಾಡಿದಂತೆ ಕೈ ಆಡಿಸಿ, ಬಂದು "ನಿಮಗೋಸ್ಕರ ಹನ್ನೆರಡು ಮಾಡಿಸ್ದೆ, ಹೊರಗೆ ಹೇಳ್ಬೇಡಿ" ಎಂದ. 3,600 ರೂಪಾಯಿ ಉಳಿತಾಯ! ಶೇ. 3 ಜಿ.ಎಸ್.ಟಿ. ಸೇರಿ ಒಟ್ಟು 2,07,648. ಭಾವ ಈಗ ನಿಜವಾದ ಭಾವನಾದರು. "ಆ ನೂರ ನಲವತ್ತೆಂಟು ಬಿಡಪ್ಪಾ, ರೌಂಡ್ ಫಿಗರ್ ಮಾಡು." ಹುಡುಗ ಸೋತವನಂತೆ ಉಸಿರು ಬಿಟ್ಟು ಬಿಟ್ಟುಕೊಟ್ಟ. ಮೇಲೆ ಒಂದು ಜಿಪ್ ಪರ್ಸು, ಲಕ್ಷ್ಮಿಯ ಚಿತ್ರವಿರುವ ಕ್ಯಾಲೆಂಡರು. ಕಾರಿನಲ್ಲಿ ಮನೆಗೆ ಬರುವಷ್ಟು ದೂರ ಭಾವ ಮಾತಾಡಿದ್ದು 148 ರೂಪಾಯಿಯ ಬಗ್ಗೆ. 21,600 ರೂಪಾಯಿ ವೇಸ್ಟೇಜಿನ ಬಗ್ಗೆ ಮಾತೇ ಬರಲಿಲ್ಲ, ಅದು ಹೆಸರಿಗೆ ತಕ್ಕಂತೆ ಹೋಗಿತ್ತು.

ಕಾನಮನ್, ಟ್ವರ್ಸ್ಕಿ 1981ರಲ್ಲಿ ಜನರಿಗೆ ಒಂದು ಪ್ರಶ್ನೆ ಹಾಕಿದ್ದರು. ಹದಿನೈದು ಡಾಲರಿನ ಕ್ಯಾಲ್ಕುಲೇಟರ್ ಇಪ್ಪತ್ತು ನಿಮಿಷ ದೂರದ ಅಂಗಡಿಯಲ್ಲಿ ಐದು ಡಾಲರ್ ಕಡಿಮೆಗೆ ಸಿಗುತ್ತದೆ, ಹೋಗುತ್ತೀರಾ? ಶೇ. 68 ಮಂದಿ ಹೋಗುತ್ತೇವೆ ಎಂದರು. 125 ಡಾಲರಿನ ವಸ್ತುವಿನಲ್ಲಿ ಅದೇ ಐದು ಡಾಲರ್ ಉಳಿಯುವುದಾದರೆ? ಶೇ. 29 ಮಾತ್ರ. ಐದು ಡಾಲರಿನಲ್ಲಿ ಬರುವ ಅಕ್ಕಿಬೇಳೆ ಎರಡೂ ಸಲ ಒಂದೇ. ಬೆಲೆ ದೊಡ್ಡದಾದ ಹಾಗೆ ಉಳಿಸುವ ಕೈ ನಾಚಿಕೊಳ್ಳುತ್ತದೆ ಎಂಬುದು ಪ್ರಯೋಗದ ಸಾರ. ಸರಿಯೇ. ಆದರೆ ಆ ಪ್ರಯೋಗದಲ್ಲಿ ಸೊಪ್ಪಿನವಳು ಇರಲಿಲ್ಲ. ನಾಚಿಕೆಗೆ ಬೆಲೆಯ ಗಾತ್ರವೊಂದೇ ಕಾರಣವಾಗಿದ್ದರೆ ನಾವು ಮಲ್ಟಿಪ್ಲೆಕ್ಸಿನ ಪಾಪ್‌ಕಾರ್ನ್ ಕೌಂಟರಿನಲ್ಲೂ ಕೊಸರು ಕೇಳಬೇಕಿತ್ತು. ಸಮವಸ್ತ್ರ ತೊಟ್ಟವನು ಪರದೆಯ ಮೇಲೆ ಅಂಕಿ ತೋರಿಸಿದರೆ ನಮ್ಮ ಬಾಯಿ ಹೊಲಿದುಹೋಗುತ್ತದೆ. ಬೆಲೆಯನ್ನು ಬಾಯಲ್ಲಿ ಹೇಳುವವರ ಹತ್ತಿರ ಮಾತ್ರ ನಮ್ಮ ಪೌರುಷ.

ಆಷಾಢ ಬಂದರೆ ಗೆಲುವುಗಳ ಸುಗ್ಗಿ. ಶುಭಕಾರ್ಯವಿಲ್ಲದ ತಿಂಗಳು, ಗಿರಾಕಿ ಸುಳಿಯುವುದಿಲ್ಲ ಎಂದು ಅಂಗಡಿಯವರು ಆಷಾಢ ಸೇಲ್ ಹಚ್ಚಿದರು. ಈಗ ವರ್ಷದಲ್ಲಿ ಜನ ಮುಗಿಬೀಳುವ ತಿಂಗಳುಗಳಲ್ಲಿ ಅದೂ ಒಂದು. 8,000 ಎಂದು ಅಚ್ಚಾಗಿ, ಅದರ ಮೇಲೆ ಕೆಂಪು ಗೆರೆ ಎಳೆಸಿಕೊಂಡು, 3,999ಕ್ಕೆ ಇಳಿದ ಸೀರೆ. ಎಂಟು ಸಾವಿರಕ್ಕೆ ಆ ಸೀರೆಯನ್ನು ಈ ಭೂಮಂಡಲದಲ್ಲಿ ಯಾರೂ ಯಾವತ್ತೂ ಕೊಂಡಿಲ್ಲ. ಆ ಅಂಕಿ ಹುಟ್ಟಿದ್ದೇ ಹೊಡೆಸಿಕೊಳ್ಳುವುದಕ್ಕೆ. ಮೂರು ಸೀರೆ ತಂದವರು ಹನ್ನೆರಡು ಸಾವಿರ ಖರ್ಚಾಯಿತು ಎನ್ನುವುದಿಲ್ಲ, ಹನ್ನೆರಡು ಸಾವಿರ ಉಳಿಯಿತು ಎನ್ನುತ್ತಾರೆ. ಗಂಡನಾದವನು "ಹಾಗಾದ್ರೆ ಉಳಿದ ಆ ಹನ್ನೆರಡು ಸಾವಿರ ಎಲ್ಲಿಟ್ಟೆ?" ಎಂದು ಕೇಳಬಾರದು. ಅವನೂ ಶೇ. 60 ರಿಯಾಯಿತಿಯಲ್ಲಿ ತಂದ ಓಡುವ ಬೂಟನ್ನು ವಾಕಿಂಗಿಗೂ ಹಾಕಿಲ್ಲ. ಹಾಗೆ ಗೆದ್ದು ತಂದ ಸೀರೆ ಉಡುವುದು ವರಮಹಾಲಕ್ಷ್ಮಿ ಹಬ್ಬಕ್ಕೆ. ಹಬ್ಬದ ಹಿಂದಿನ ರಾತ್ರಿ ಕೆ.ಆರ್. ಮಾರ್ಕೆಟ್ಟಿನಲ್ಲಿ ಕನಕಾಂಬರ ಕೆ.ಜಿ.ಗೆ ಸಾವಿರ ದಾಟಿದರೂ ಯಾರೂ ಹಿಂದೆ ಸರಿಯುವುದಿಲ್ಲ, ಲಕ್ಷ್ಮಿಯ ವಿಷಯದಲ್ಲಿ ಲೆಕ್ಕ ನೋಡಬಾರದು.

ಸೊನ್ನೆಯ ಮಹಿಮೆಯಂತೂ ಹೇಳಿ ಮುಗಿಯುವುದಲ್ಲ. ಡೆಲಿವರಿಗೆ ಮೂವತ್ತು ರೂಪಾಯಿ ಕೊಡಲು ಮನಸ್ಸಾಗದೆ, ಇನ್ನೂ 62 ರೂಪಾಯಿಯ ಸಾಮಾನು ಸೇರಿಸಿದರೆ ಡೆಲಿವರಿ ಫ್ರೀ ಎಂಬ ಮಾತಿಗೆ ಕರಗಿ, ಬೇಡದ ಬಿಸ್ಕತ್ತು ಬುಟ್ಟಿಗೆ ಹಾಕುವ ಜನ ನಾವು. ಬಡ್ಡಿಯಿಲ್ಲದ ಕಂತು ಎಂಬುದು ಇರಲಾರದು, ಬಡ್ಡಿ ಎಲ್ಲೋ ಒಂದು ಕಡೆ ಅಡಗಿ ಕೂತಿರುತ್ತದೆ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಹೇಳಿ ಶೂನ್ಯ ಬಡ್ಡಿಯ ಯೋಜನೆಗಳಿಗೆ ತಡೆ ಹಾಕಿತು. ಪರವಾಗಿಲ್ಲ, ಶೂನ್ಯ ಹೋಗಿ ನೋ ಕಾಸ್ಟ್ ಬಂತು. ನಗದು ಕೊಟ್ಟರೆ ಸಿಗುತ್ತಿದ್ದ ರಿಯಾಯಿತಿ ಕಂತಿನವನಿಗೆ ಸಿಗುವುದಿಲ್ಲ, ಪ್ರೊಸೆಸಿಂಗ್ ಫೀ ಎಂಬುದೊಂದು ಕೆಳಗಿನ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ನಮ್ಮ ಕಣ್ಣು ದೊಡ್ಡ ಅಕ್ಷರದ್ದು.

ಇನ್ನು ಸಾಸಿವೆ ಡಬ್ಬಿ. ರಿಚರ್ಡ್ ಥೇಲರ್ ಎಂಬ ಶಿಕಾಗೋದ ಪ್ರಾಧ್ಯಾಪಕರು ಮನುಷ್ಯ ಮನಸ್ಸಿನೊಳಗೇ ಬೇರೆ ಬೇರೆ ಖಾತೆ ತೆರೆದಿರುತ್ತಾನೆ, ಒಂದು ಖಾತೆಯ ದುಡ್ಡನ್ನು ಇನ್ನೊಂದಕ್ಕೆ ಮುಟ್ಟುವುದಿಲ್ಲ, ರೂಪಾಯಿ ರೂಪಾಯಿಗೂ ಜಾತಿಭೇದ ಮಾಡುತ್ತಾನೆ ಎಂದು 1980ರ ದಶಕದಿಂದ ಬರೆದುಕೊಂಡು ಬಂದವರು. ನಮ್ಮ ಅಜ್ಜಿಯರು ಅವರನ್ನು ಅಡುಗೆಮನೆಗೆ ಕರೆದು ತೋರಿಸಬಹುದಿತ್ತು: ಸಾಸಿವೆ ಡಬ್ಬಿಯಲ್ಲಿ ಹಾಲಿನ ದುಡ್ಡು, ಮೆಂತ್ಯದ ಡಬ್ಬಿಯಲ್ಲಿ ಚೀಟಿ ದುಡ್ಡು, ದೇವರ ಪೆಟ್ಟಿಗೆಯಲ್ಲಿ ತಿರುಪತಿಯ ಮುಡಿಪು. ಗಂಡ ಸಾಲಗಾರರಿಂದ ತಲೆ ತಪ್ಪಿಸಿಕೊಂಡು ತಿರುಗುತ್ತಿದ್ದರೂ ಮುಡಿಪಿಗೆ ಕೈ ಹಾಕುವ ಹಾಗಿಲ್ಲ. 2016ರ ನವೆಂಬರ್ 8ರ ರಾತ್ರಿ ಈ ಖಾತೆಗಳೆಲ್ಲ ಒಮ್ಮೆಗೇ ಮುಚ್ಚಿದವು. ಐನೂರು, ಸಾವಿರದ ನೋಟುಗಳು ಡಬ್ಬಿಯಿಂದ ಇಂಗಿನ ವಾಸನೆ ಸಮೇತ ಹೊರಬಂದು, ಗಂಡಂದಿರ ಎದುರು ಬಯಲಾಗಿ, ಬ್ಯಾಂಕಿನ ಕ್ಯೂ ಸೇರಿದವು. ಆ ದಿನ ಈ ನೋಟು ರದ್ದತಿಯನ್ನು ಸ್ವಾಗತಿಸಿ ಟ್ವೀಟ್ ಮಾಡಿದವರಲ್ಲಿ ಇದೇ ಥೇಲರ್ ಒಬ್ಬರು! ಎರಡು ಸಾವಿರದ ನೋಟು ಬೇರೆ ಬರುತ್ತದೆ ಎಂದು ಯಾರೋ ತಿಳಿಸಿದಾಗ ಪಾಪ ಉದ್ಗಾರ ತೆಗೆದು ಪೇಚಾಡಿದರು. ಮುಂದಿನ ವರ್ಷ ಅವರಿಗೂ ನೊಬೆಲ್ ಬಂತು. ಬಹುಮಾನದ ಹಣವನ್ನು ಹೇಗೆ ಖರ್ಚು ಮಾಡುತ್ತೀರಿ ಎಂದು ಕೇಳಿದಾಗ, ಆದಷ್ಟೂ ತರ್ಕವಿಲ್ಲದೆ ಎಂಬರ್ಥದ ಉತ್ತರ ಕೊಟ್ಟರು. ಮನುಷ್ಯ ಕೆಟ್ಟವರಲ್ಲ.

ಸಾಸಿವೆ ಡಬ್ಬಿಯನ್ನು ನಾನು ಆಡಿಕೊಳ್ಳುತ್ತಿಲ್ಲ. ಅದು ಎಷ್ಟೋ ಮನೆಗಳಲ್ಲಿ ಸ್ಕೂಲ್ ಫೀಸ್ ಕಟ್ಟಿದೆ, ಆಸ್ಪತ್ರೆಯ ಅಡ್ವಾನ್ಸ್ ಕಟ್ಟಿದೆ. ಆಡಿಕೊಳ್ಳಬೇಕಾದದ್ದು ಅದರ ಸೂಟು ಬೂಟಿನ ಆವೃತ್ತಿಯನ್ನು. ನಮ್ಮ ಭಾವನದ್ದೇ ಒಂದು ಎಫ್.ಡಿ. ಇದೆ, ಶೇ. 7 ಬಡ್ಡಿ. ಅವರದ್ದೇ ಒಂದು ಕ್ರೆಡಿಟ್ ಕಾರ್ಡ್ ಬಾಕಿಯೂ ಇದೆ, ತಿಂಗಳಿಗೆ ಶೇ. 3.5, ವರ್ಷಕ್ಕೆ ನಲವತ್ತೆರಡು. "ಎಫ್.ಡಿ. ಮುರಿದು ಕಾರ್ಡ್ ತೀರಿಸಿಬಿಡಿ ಭಾವ" ಎಂದರೆ ಕಿವಿ ಮುಚ್ಚಿಕೊಳ್ಳುತ್ತಾರೆ. "ಏ, ಅದು ಮಗಳ ಮದುವೆಗೆ ಅಂತ ಇಟ್ಟಿದ್ದು ಕಣೋ. ಅದನ್ನ ಮುರಿಯೋದಾ?" ಎಫ್.ಡಿ. ಮುರಿಯುವುದು ಎಂಬ ಮಾತಿನಲ್ಲಿ ತಾಳಿಯ ಸಂಕಟವಿದೆ. ಕಾರ್ಡಿನ ಬಾಕಿಗೆ ಅಂಥ ಪಾವಿತ್ರ್ಯವಿಲ್ಲ, ಅದು ಬೆಳೆದುಕೊಂಡಿರಲಿ. ಬ್ಯಾಂಕಿನವನು ಒಂದೇ ಮನುಷ್ಯನಿಗೆ ಏಳು ಕೊಟ್ಟು ನಲವತ್ತೆರಡು ತೆಗೆದುಕೊಳ್ಳುತ್ತಾ ಹೊಸ ವರ್ಷಕ್ಕೆ ಡೈರಿ ಕಳಿಸುತ್ತಾನೆ. ಡೈರಿ ಫ್ರೀ.

ನಮ್ಮದು ಎಂದಾಗ ಬೆಲೆ ಏರುವುದು ಇನ್ನೊಂದು ಸೋಜಿಗ. ಥೇಲರ್, ಕಾನಮನ್, ಜ್ಯಾಕ್ ನೆಚ್ ಮೂವರೂ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಮಗ್ ಕೊಟ್ಟು, ಮಾರಲು ಎಷ್ಟು ಕೇಳುತ್ತೀರಿ ಎಂದರು. ಇಲ್ಲದವರಿಗೆ ಕೊಳ್ಳಲು ಎಷ್ಟು ಕೊಡುತ್ತೀರಿ ಎಂದರು. ಕೈಯಲ್ಲಿ ಮಗ್ ಇದ್ದವರು ಕೊಳ್ಳುವವರ ಎರಡರಷ್ಟು ಕೇಳಿದರು, ಅದೂ ನಿಮಿಷಗಳ ಹಿಂದೆ ಕೈಗೆ ಬಂದ ಮಗ್ಗಿಗೆ. ಹೀಗಿರುವಾಗ ಮೂವತ್ತು ವರ್ಷ ಸುಣ್ಣ ಬಳಿದ ಮನೆಯ ಗತಿಯೇನು? ಎದುರುಮನೆಯ ನಿವೃತ್ತ ಅಧಿಕಾರಿಗಳು ತಮ್ಮ 30x40ರ ಮನೆಗೆ ಹೇಳುವ ಬೆಲೆಯಲ್ಲಿ ಬಾವಿಯ ಸಿಹಿನೀರು (ಬಾವಿ ಬತ್ತಿ ಎಷ್ಟೋ ಕಾಲವಾಗಿದೆ), ಮಗ ಎಸ್.ಎಸ್.ಎಲ್.ಸಿ.ಯಲ್ಲಿ ರ‍್ಯಾಂಕ್ ಬಂದ ಕೋಣೆ, ವಾಸ್ತುವಿನವರು ಹೊಗಳಿದ ಈಶಾನ್ಯ ಮೂಲೆ ಎಲ್ಲವೂ ಸೇರಿವೆ. ಅದೇ ಬೀದಿಯಲ್ಲಿ ಅಂಥದ್ದೇ ಇನ್ನೊಂದು ಮನೆ ಮಾರಾಟಕ್ಕೆ ಬಂದಾಗ ಅವರೇ ಹೇಳಿದ್ದು, "ಹಳೇ ಮನೆ, ಕೆಡವಬೇಕು, ಸೈಟಿನ ಬೆಲೆ ಕೊಟ್ಟರೆ ಹೆಚ್ಚು."

ಇಷ್ಟೆಲ್ಲ ಅಧ್ಯಯನ ಮಾಡುವವರು ನಮ್ಮ ಹಾಗೆ ಎಡವುವುದಿಲ್ಲವೇ ಎಂದರೆ, ಅದಕ್ಕೂ ದೃಷ್ಟಾಂತವಿದೆ. ಅರ್ಜಿಯ ಕೊನೆಗೆ ಸಹಿ ಮಾಡಿಸುವ ಬದಲು ಮೇಲುಗಡೆ ಮಾಡಿಸಿದರೆ ಜನ ಸುಳ್ಳು ಬರೆಯುವುದು ಕಡಿಮೆಯಾಗುತ್ತದೆ ಎಂದು 2012ರಲ್ಲಿ ಅಮೆರಿಕದ ದೊಡ್ಡ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಬಂಧ ಬಂತು. ಅದರ ಒಂದು ಪ್ರಯೋಗದ ಅಂಕಿಅಂಶಗಳೇ ಕಟ್ಟುಕತೆ ಎಂದು ತಿಳಿದು 2021ರಲ್ಲಿ ಹಿಂತೆಗೆದುಕೊಂಡರು. ಪ್ರಾಮಾಣಿಕತೆಯ ಬಗೆಗಿನ ಪ್ರಬಂಧವದು.

ಈಗ ಗೆಲುವಿನ ಮಹಾಕ್ಷೇತ್ರಕ್ಕೆ ಬರೋಣ. ಸೊಪ್ಪಿನವಳ ಮೇಲೆ, ಟ್ರಾಫಿಕ್ ಪೊಲೀಸರ ಮೇಲೆ ಗೆದ್ದು ಗೆದ್ದು ಬೇಸತ್ತವರಿಗೆ ಉಳಿದಿರುವುದು ಶೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್. ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2023ರ ಆರಂಭದಲ್ಲಿ ಒಂದು ವರದಿ ಕೊಟ್ಟು, ಇದರಲ್ಲಿ ಆಡುವ ನೂರು ಮಂದಿಯಲ್ಲಿ ಎಂಬತ್ತೊಂಬತ್ತು ಮಂದಿ ದುಡ್ಡು ಕಳೆಯುತ್ತಾರೆ ಎಂದಿತು. ಎಚ್ಚರಿಕೆಯ ಫಲ ಕೂಡಲೇ ಕಂಡಿತು, ಆಡುವವರು ಹೆಚ್ಚಿದರು. 2024ರ ಸೆಪ್ಟೆಂಬರಿನಲ್ಲಿ ಮೂರು ಹಣಕಾಸು ವರ್ಷಗಳ ಲೆಕ್ಕ ಬಂತು: ಒಂದು ಕೋಟಿಗೂ ಮೀರಿದ ಬಿಡಿ ಆಟಗಾರರಲ್ಲಿ ಶೇ. 93 ಮಂದಿಗೆ ನಷ್ಟ, ತಲಾ ಸರಾಸರಿ ಎರಡು ಲಕ್ಷದಂತೆ, ಒಟ್ಟು 1.8 ಲಕ್ಷ ಕೋಟಿ ರೂಪಾಯಿ. ಸತತ ಎರಡು ವರ್ಷ ಕಳೆದುಕೊಂಡವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ಆಟ ಬಿಡಲಿಲ್ಲ. ಈ 93 ಎಂಬ ಅಂಕಿಯನ್ನು ನಾನು ಹಿಂದೆಯೂ ಕಂಡಿದ್ದೆ. ಓಲಾ ಸ್ವೆನ್ಸನ್ ಎಂಬ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಾಡಿ ಓಡಿಸುವ ಕೌಶಲದಲ್ಲಿ ನೀವು ಎಲ್ಲಿದ್ದೀರಿ ಎಂದು ಕೇಳಿದರೆ ಅಮೆರಿಕನ್ನರಲ್ಲಿ ಶೇ. 93 ಮಂದಿ ತಾವು ಮೇಲಿನ ಅರ್ಧದಲ್ಲಿದ್ದೇವೆ ಎಂದಿದ್ದರು. ಅಂಕಿಗಳು ತಾಳೆಯಾದದ್ದು ಕಾಕತಾಳೀಯ, ಆಸಾಮಿಗಳು ತಾಳೆಯಾದದ್ದು ಅಲ್ಲ.

ನಮ್ಮ ಭಾವ ನಿವೃತ್ತರಾದ ಮೇಲೆ ಈ ಕಣಕ್ಕೆ ಇಳಿದಿದ್ದಾರೆ. ಬೆಳಗ್ಗೆ ಒಂಬತ್ತೂಕಾಲಕ್ಕೆ ಸ್ನಾನ ಮುಗಿಸಿ, ಕುಂಕುಮ ಇಟ್ಟುಕೊಂಡು, ಮೊಬೈಲ್ ಹಿಡಿದು ಕೂರುತ್ತಾರೆ. ಲಾಭ ಬಂದ ಪೊಸಿಷನ್ನನ್ನು ಹತ್ತು ನಿಮಿಷದಲ್ಲಿ ಮಾರಿ ಅಕ್ಕನಿಗೆ ಮಸಾಲೆದೋಸೆ ತರಿಸುತ್ತಾರೆ. ನಷ್ಟದಲ್ಲಿರುವುದನ್ನು ಮಾರುವುದಿಲ್ಲ. "ಮಾರಿದ್ರೆ ತಾನೇ ನಷ್ಟ? ಇಟ್ಕೊಂಡಿರೋವರೆಗೂ ಅದು ಬರೀ ಪೇಪರ್ ಮೇಲಿಂದು." ಆಪ್ಷನ್‌ಗಳಿಗೆ ಅವಧಿಯೊಂದು ಇರುತ್ತದೆ, ಅದು ಮುಗಿದಾಗ ಪೇಪರೂ ಉಳಿಯುವುದಿಲ್ಲ ಎಂಬುದನ್ನು ಅವರು ಪ್ರತಿ ವಾರ ಹೊಸದಾಗಿ ಕಲಿಯುತ್ತಾರೆ.

ಸೆಬಿಯ ವರದಿ ಬಂದ ಪತ್ರಿಕೆಯನ್ನು ನಾನೇ ಒಯ್ದು ಅವರ ಮುಂದಿಟ್ಟೆ. ಕನ್ನಡಕ ಏರಿಸಿ ಪೂರ್ತಿ ಓದಿದರು. ಮುಖ ಸ್ವಲ್ಪವೂ ಬಾಡಲಿಲ್ಲ.

"ಅಂದ್ರೆ ನೂರಕ್ಕೆ ಏಳು ಜನ ದುಡ್ಡು ಮಾಡ್ತಿದ್ದಾರೆ ಅಂತಾಯ್ತಲ್ಲೋ."

"ಭಾವ, ಮೂರು ವರ್ಷದಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ನೂರಕ್ಕೆ ಒಬ್ಬರಂತೆ, ಅಲ್ಲೇ ಕೆಳಗಿದೆ ನೋಡಿ."

"ಒಬ್ರಾದ್ರೂ ಇದ್ದಾರಲ್ಲ! ಐ.ಎ.ಎಸ್.ಗಿಂತ ವಾಸಿ." ಪತ್ರಿಕೆ ಮಡಿಸಿಟ್ಟು ದನಿ ತಗ್ಗಿಸಿದರು. ಒಳಗೆ ಅಕ್ಕನಿಗೆ ಕೇಳಬಾರದ ಮಾತು ಬರುತ್ತದೆ ಎಂದುಕೊಂಡೆ, ಎಫ್.ಡಿ.ಯನ್ನೇ ಮುರಿದಿದ್ದಾರೇನೋ ಎಂದು ಎದೆ ಹಾರಿತು.

"ಅದಿರ್ಲಿ, ನಿಂದಿನ್ನೂ ಡಿಮ್ಯಾಟ್ ಅಕೌಂಟ್ ಆಗಿಲ್ಲ ಅಲ್ವಾ? ಬೇರೆ ಕಡೆ ಮಾಡಿಸ್ಬೇಡ ಮತ್ತೆ. ನಾನು ಲಿಂಕ್ ಕಳಿಸ್ತೀನಿ, ಅದರಿಂದಲೇ ಮಾಡು. ನಂಗೆ ಮುನ್ನೂರು ರೂಪಾಯಿ ಬರತ್ತೆ."